ಆ ಕಂತಿನ ದನಿ ನನ್ನದಲ್ಲ

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಹಿತ್ತಾಳೆಯ ಸರಸ್ವತಿ ಇದೆ. ಅದರ ಪೀಠದಲ್ಲಿ 'ಅತ್ಯುತ್ತಮ ಕಂಠದಾನ ಕಲಾವಿದೆ' ಎಂದು ಕೆತ್ತಿ, ಕೆಳಗೆ ನನ್ನ ಹೆಸರು ಹಾಕಿದ್ದಾರೆ. ಅದನ್ನು ನಾನು ಕದ್ದದ್ದು. ಯಾರೋ ತಪ್ಪಾಗಿ ಕೊಟ್ಟದ್ದಲ್ಲ, ಗಡಿಬಿಡಿಯಲ್ಲಿ ನನ್ನ ಪಾಲಿಗೆ ಬಂದದ್ದಲ್ಲ — ಗೊತ್ತಿದ್ದೂ ಗೊತ್ತಿದ್ದೂ ಕದ್ದೆ. ಧಾರಾವಾಹಿಯ ಯಾವ ಕಂತಿನ ದನಿಗೆಂದು ಆ ಪ್ರಶಸ್ತಿ ಬಂತೋ ಆ ದನಿ ನನ್ನದಲ್ಲ, ಸಂಗಮ್ಮನದು.

ಕೆಲವು ತಿಂಗಳ ಹಿಂದೆ ಒಂದು ಭಾನುವಾರದ ಪುರವಣಿಯಲ್ಲಿ ಲೇಖನ ಬಂದಿತ್ತು — ದೊಡ್ಡ ಪ್ರಶಸ್ತಿ ಬರಬೇಕಿದ್ದೂ ಬಾರದೇ ಹೋದ ಕಿರುತೆರೆ ಕಲಾವಿದರ ಬಗ್ಗೆ. ಪುಟದ ತುಂಬ ಫೋಟೋಗಳು. ಕನ್ನಡಕ ಹಾಕಿಕೊಂಡು ಎರಡೆರಡು ಸಲ ಹುಡುಕಿದೆ. ಸಂಗಮ್ಮ ಇರಲಿಲ್ಲ. ಅನ್ಯಾಯ ಆದವರ ಪಟ್ಟಿಯಲ್ಲೂ ಆಕೆಗೆ ಜಾಗ ಇಲ್ಲ! ನನ್ನ ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡಿ ಮುಗಿಸಿದ್ದೆ ನೋಡಿ. ಪೇಪರು ಮಡಿಸಿಟ್ಟೆ. ಆವತ್ತಿನಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ — ಚೆನ್ನಾಗಿಯೇ ಇಳಿಯಿತು. ಇಷ್ಟು ವರ್ಷವೂ ಇಳಿದಿದೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಕನ್ನಡದ ಕೆಲವು ಧಾರಾವಾಹಿಗಳು ಹೈದರಾಬಾದಿನಲ್ಲೇ ತಯಾರಾಗುತ್ತಿದ್ದವು. ನಾನು ಮೈಸೂರಿನವಳು. ಗಂಡನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಅವರ ಹಿಂದೆ ಬಂದೆ. ಆಕಾಶವಾಣಿಯಲ್ಲಿ ನಾಟಕಕ್ಕೆ ಮಾತಾಡಿದ್ದವಳಾದ್ದರಿಂದ ಬೇಗಂಪೇಟೆಯ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ನನ್ನನ್ನು ಎರಡೂ ಕೈಯಿಂದ ಬರಮಾಡಿಕೊಂಡರು. ನಟಿಯರಲ್ಲಿ ಅರ್ಧ ಜನ ತೆಲುಗಿನವರು, ಉಳಿದವರು ರಾಯಚೂರು, ಬೀದರ್ ಕಡೆಯವರು. "ಆ ಕಡೆಯ ಮಾತು ಬೆಂಗಳೂರಲ್ಲಿ ಓಡಲ್ಲ" ಎನ್ನುವುದು ನಿರ್ಮಾಪಕರ ವೇದವಾಕ್ಯ. ಹಾಗಾಗಿ ಎಲ್ಲರ ಬಾಯಿಗೂ ನಮ್ಮಂಥವರ ದನಿ.

ಆದರೆ ದನಿಗೆ ಏನು ಮರ್ಯಾದೆ? ಗಂಡನ ಆಫೀಸಿನವರು ಊಟಕ್ಕೆ ಸೇರಿದಾಗ ಹೆಂಗಸರು ಕೇಳುವರು, "ನೀವು ಸೀರಿಯಲ್ಲಲ್ಲಿ ಮಾಡ್ತೀರಂತೆ, ಯಾವ ಪಾತ್ರ?" ಅಂತ. ಕಾಣಿಸಿಕೊಳ್ಳಲ್ಲ, ದನಿ ಕೊಡ್ತೀನಿ ಅಂದರೆ, "ಓ... ಅಷ್ಟೇನಾ" ಎಂದು ತಟ್ಟೆಯ ಕಡೆಗೆ ತಿರುಗುವರು. ಆ 'ಅಷ್ಟೇನಾ' ನನ್ನನ್ನು ಒಳಗೊಳಗೇ ತಿಂದಿತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಎಲ್ಲಿಂದ ಶುರುವಾಯಿತು ಅಂತ ಹೇಳಬೇಕಲ್ಲ, ಅದಕ್ಕೆ ಹೇಳಿದೆ.

ಸಂಗಮ್ಮ ಸಿಂಧನೂರಿನ ಕಡೆಯವಳು. ಹದಿನಾಲ್ಕನೇ ವಯಸ್ಸಿಗೇ ನಾಟಕ ಕಂಪನಿ ಸೇರಿ, ಕಂಪನಿ ಮುಚ್ಚಿದ ಮೇಲೆ ಹೈದರಾಬಾದಿಗೆ ಬಂದಿದ್ದಳು. ಲಿಂಗಂಪಲ್ಲಿಯಲ್ಲಿ ತಂಗಿಯ ಸಂಸಾರದ ಜೊತೆ ತಗಡಿನ ಶೆಡ್ಡಿನಲ್ಲಿ ವಾಸ. ತಂಗಿಯ ಗಂಡ ಗಾರೆ ಕೆಲಸದವನು. ನನ್ನ ಗಂಡನಂಥವರು ಕುಳಿತು ಕೆಲಸ ಮಾಡುವ ಗಾಜಿನ ಕಟ್ಟಡಗಳನ್ನು ಕಟ್ಟುತ್ತಿದ್ದ. ನಮ್ಮ ಧಾರಾವಾಹಿಯಲ್ಲಿ ಸಂಗಮ್ಮನದು ಮನೆಗೆಲಸದ ಮುದುಕಿಯ ಸಣ್ಣ ಪಾತ್ರ. ದನಿ ನನ್ನದು. ಸ್ಟುಡಿಯೋದಲ್ಲಿ ಸಿಕ್ಕರೆ ಕೈ ಹಿಡಿದುಕೊಂಡು, "ಏನ್ ಚಂದ ಮಾತಾಡ್ತೀರಿ ಬಾಯಾರ, ನಾನೂ ಶ್ಯಾಣ್ಯಾಕಿ ಆದಂಗ ಕಾಣ್ತೀನಿ" ಎಂದು ನಗುವಳು. ಅವರ ಕಡೆ ಮೇಡಂಗೆ ಬಾಯಾರು ಎನ್ನುತ್ತಾರೆ.

ಆ ಕಂತಿನಲ್ಲಿ ಮುದುಕಿಯ ಮಗ ಸಾಯುತ್ತಾನೆ. ಹೆಣ ಅಂಗಳಕ್ಕೆ ಬಂದಿದೆ, ಇವಳು ಒಳಗೆ ತಟ್ಟೆಗೆ ಅನ್ನ ಬಡಿಸುತ್ತಿದ್ದಾಳೆ. "ಕೈಕಾಲು ತೊಳ್ಕೊಂಡು ಬಾ ಅನ್ನಿ ಅವನಿಗೆ. ಅನ್ನ ಆರಿಹೋಗುತ್ತೆ" — ಇಷ್ಟೇ ಮಾತು. ಆಮೇಲೆ ಹೊರಗೆ ಬಂದು ನೋಡಿ 'ಅಯ್ಯೋ ದೇವರೇ' ಎನ್ನಬೇಕು. ಚಿತ್ರೀಕರಣದಲ್ಲಿ ಸಂಗಮ್ಮ ಹಾಗನ್ನಲೇ ಇಲ್ಲ. ಕಂಬ ಹಿಡಿದು ನಿಂತು, ತುಂಬ ಹೊತ್ತು ಬಿಟ್ಟು, "ಯವ್ವಾ" ಎಂದಳು. ಕಿರುಚಲಿಲ್ಲ. ಸತ್ತುಹೋದ ತನ್ನ ತಾಯಿಯನ್ನು ಮಗು ಕರೆಯುವ ಹಾಗೆ ಮೆಲ್ಲಗೆ ಕರೆದಳು.

ಡಬ್ಬಿಂಗ್‌ನಲ್ಲಿ ನನಗೆ ಅದು ಬರಲಿಲ್ಲ. ತುಟಿಗೆ ತುಟಿ ಕೂಡಿಸಿದೆ — ಆ ಕಸುಬು ನನಗೆ ಗೊತ್ತು — ಆದರೆ ಉಸಿರು ಕೂಡಲಿಲ್ಲ. ಒಂದು ಸಲ, ಎರಡು ಸಲ, ಏಳು ಸಲ. ನಿರ್ದೇಶಕರು ಗಾಜಿನ ಆಚೆಯಿಂದ ತಲೆ ಅಲ್ಲಾಡಿಸುತ್ತಲೇ ಇದ್ದರು. ಕೊನೆಗೆ ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಬಿಡಿ ಮೇಡಂ. ಇದು ನಿಮ್ಮ ಕೈಲಾಗೋದಲ್ಲ. ಆಯಮ್ಮನ್ನೇ ಕರೆಸಿ." ಮುಖಕ್ಕೆ ಹೊಡೆದ ಹಾಗಾಯಿತು.

ಮಾರನೆಯ ದಿನ ಬೆಳಿಗ್ಗೆ ಸಂಗಮ್ಮ ಲೋಕಲ್ ಟ್ರೈನಿನಲ್ಲಿ ಬಂದಳು. ಮೈಕಿನ ಮುಂದೆ ನಿಂತದ್ದು ಅದೇ ಮೊದಲು. ಚಪ್ಪಲಿ ಬಿಚ್ಚಿಟ್ಟು, ಮೈಕಿಗೆ ಕೈ ಮುಗಿದಳು. ನಾನು ಮನಸ್ಸಿನಲ್ಲೇ ಮೂಗು ಮುರಿದೆ — ಈಗ 'ತೊಳ್ಕೊಂಡು' ಅನ್ನೋದಕ್ಕೆ 'ತೊಕ್ಕೊಂಡು' ಅಂತಾಳೆ, ನೋಡ್ತಿರಿ ಅಂತ. ಅನ್ನಲಿಲ್ಲ. ಕಂಪನಿಯಲ್ಲಿ ರಾಣಿ, ದೇವತೆ ಎಲ್ಲ ಆಗಿ ಬಂದ ನಾಲಿಗೆ ಅದು, ಒಂದಕ್ಷರ ಜಾರಲಿಲ್ಲ. ಒಂದೇ ಸಲಕ್ಕೆ ಮುಗಿಯಿತು. ಆ "ಯವ್ವಾ" ಬಂದಾಗ ಸೌಂಡಿನ ಶ್ರೀನು, ಕನ್ನಡ ನೆಟ್ಟಗೆ ಬಾರದ ತೆಲುಗು ಹುಡುಗ, ಕಣ್ಣೊರೆಸಿಕೊಂಡು, "ಚಾಲು ಅಮ್ಮಾ, ಚಾಲು" — ಸಾಕಮ್ಮ, ಸಾಕು — ಎಂದ.

"ಸಾಕೇನ್ರಿ? ಚಲೋ ಬಂತೇನ್ರಿ?" ಎಂದು ಕೇಳಿದಳು. ಹೇಳಿ ಮುಗಿಸಿದವರಿಗೆ ಒಮ್ಮೆ ಹಾಕಿ ಕೇಳಿಸುವುದು ನಮ್ಮಲ್ಲಿ ರೂಢಿ. ಶ್ರೀನು ಹಾಕಲು ಹೊರಟಿದ್ದ. ನಾನೇ ಅಂದೆ, "ಬೇಡ ಬಿಡು. ಸಂಗಮ್ಮ, ಟ್ರೈನ್ ತಪ್ಪತ್ತೆ, ಹೊರಡಿ." ಟ್ರೈನಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಈಗ ಆ ಹಾಳೆಯ ವಿಷಯ. ಪ್ರತಿ ಕಂತಿಗೂ ಒಂದು ಡಬ್ಬಿಂಗ್ ಹಾಳೆ ಇರುತ್ತದೆ — ಯಾವ ಪಾತ್ರ, ಯಾರ ದನಿ. ಅದನ್ನು ತುಂಬುವುದು ನನ್ನ ಕೆಲಸವಾಗಿತ್ತು. ಕಂತು ಕಂತಿಗೂ ಅದೇ ಹೆಸರುಗಳಾದ್ದರಿಂದ ದನಿ ಮುದ್ರಿಸುವ ಮೊದಲೇ 'ಹಿಂದಿನಂತೆ' ಎಂದು ಬರೆದಿಟ್ಟುಬಿಡುತ್ತಿದ್ದೆ. ಆವತ್ತೂ ಬರೆದಿದ್ದೆ. ಸಂಗಮ್ಮ ಬಂದು ಹೋದ ಮೇಲೆ ತಿದ್ದಬೇಕಿತ್ತು. ಪೆನ್ನು ಕೈಯಲ್ಲೇ ಇತ್ತು. ತಿದ್ದಲಿಲ್ಲ. ಮರೆತೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ...

ಕೆಲವು ತಿಂಗಳಾದ ಮೇಲೆ ನಿರ್ಮಾಪಕರ ಆಫೀಸಿನಿಂದ ಫೋನು ಬಂತು. ಆ ಕಂತನ್ನು ಪ್ರಶಸ್ತಿಗೆ ಕಳಿಸುತ್ತಿದ್ದಾರೆ. ನಟಿಯ ವಿಭಾಗಕ್ಕೆ ಕಳಿಸಬೇಕಾದರೆ ಸ್ವಂತ ದನಿ ಇರಲೇಬೇಕು, ಅದು ನಿಯಮ. ಬೇರೆಯವರ ದನಿಯಾದರೆ ಕಂಠದಾನದ ವಿಭಾಗಕ್ಕೆ ಹೋಗುತ್ತದೆ. "ಹಾಳೆಯಲ್ಲಿ ನಿಮ್ಮ ಹೆಸರಿದೆ ಮೇಡಂ. ಮುದುಕಿ ದನಿ ನಿಮ್ಮದೇ ತಾನೆ?"

ನಿರ್ದೇಶಕರು ಆಗಲೇ ಬೆಂಗಳೂರಿನಲ್ಲಿ ಬೇರೆ ಧಾರಾವಾಹಿ ಹಿಡಿದಿದ್ದರು. ಶ್ರೀನು ಸ್ಟುಡಿಯೋ ಬಿಟ್ಟು ಮಾಧಾಪುರದ ಕಾಲ್ ಸೆಂಟರ್ ಸೇರಿದ್ದ — ಆಗ ಎಲ್ಲರ ಓಟವೂ ಆ ಕಡೆಗೇ. ಸ್ಟುಡಿಯೋದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಇದನ್ನೆಲ್ಲ ಲೆಕ್ಕ ಹಾಕಿದೆನೋ ಇಲ್ಲವೋ — ಹಾಕಿದೆ. ಒಂದು ಉಸಿರಿನಷ್ಟು ಹೊತ್ತಿನಲ್ಲಿ ಎಲ್ಲ ಹಾಕಿದೆ.

"ಹೌದು," ಎಂದೆ. "ನಂದೇ."

ಸಮಾರಂಭದಲ್ಲಿ ರೇಷ್ಮೆ ಸೀರೆ ಉಟ್ಟು ಸರಸ್ವತಿಯನ್ನು ತೆಗೆದುಕೊಂಡೆ. ಗಂಡನ ಆಫೀಸಿನ ಹೆಂಗಸರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ತೀರ್ಪುಗಾರರಲ್ಲೊಬ್ಬರು, ವಯಸ್ಸಾದವರು, ಹತ್ತಿರ ಬಂದು ಹೇಳಿದರು: "ಆ 'ಯವ್ವಾ' ಒಂದಕ್ಕೇ ಕೊಟ್ಟಿದ್ದೀವಮ್ಮ. ಪಾಪ, ಆ ನಟಿಯದೇ ದನಿ ಆಗಿದ್ದಿದ್ದರೆ ನಟಿ ಪ್ರಶಸ್ತಿಗೆ ನಾವು ಇನ್ನೊಂದು ಹೆಸರನ್ನು ನೋಡುತ್ತಲೇ ಇರಲಿಲ್ಲ." ನಾನು ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು! ನಕ್ಕು, "ಥ್ಯಾಂಕ್ಸ್ ಸಾರ್" ಎಂದೆ.

ಇಷ್ಟಕ್ಕೇ ನಿಂತಿದ್ದರೆ ಕಳ್ಳಿ ಎಂದು ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಇದಕ್ಕಿಂತ ಕೆಟ್ಟದ್ದು ಆಮೇಲಿನದು.

ಒಂದು ವಾರದ ನಂತರ ಸಂಗಮ್ಮ ಸ್ಟುಡಿಯೋಗೆ ಬಂದಳು, ಡಬ್ಬಿಯ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಂಡು. ನನಗೆ ಪ್ರಶಸ್ತಿ ಬಂದದ್ದಕ್ಕೆ! "ಭಾಳ ಖುಷಿ ಆತ್ರಿ ಬಾಯಾರ. ನಿಮಗ ಬರಬೇಕಿತ್ತು, ಬಂತು" ಎಂದು ನನ್ನ ಬಾಯಿಗೆ ಒಂದು ತುಂಡು ತಾನೇ ಇಟ್ಟಳು. ಆ ಕಂತನ್ನು ಆಕೆ ನೋಡಿರಲಿಲ್ಲ. ಶೆಡ್ಡಿನಲ್ಲಿ ಟೀವಿ ಇರಲಿಲ್ಲ, ಪ್ರಸಾರದ ಹೊತ್ತಿಗೆ ಆಕೆಗೆ ಶೂಟಿಂಗ್ ಇತ್ತು. ಸೆರಗಿನ ತುದಿ ಸುತ್ತುತ್ತ ಕೇಳಿದಳು: "ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಹೇಳಿ ಹೋಗಿದ್ನಲ್ಲ... ಅದು ಬ್ಯಾಡಾತೇನ್ರಿ ಅವರಿಗೆ? ಮತ್ತ ನೀವ ಹೇಳಿದ್ರೇನು?"

ಬಾಯಲ್ಲಿ ಆಕೆಯ ಹೋಳಿಗೆ ಇತ್ತು. ಆಗಲಾದರೂ ಹೇಳಬಹುದಿತ್ತು.

"ಹೌದು ಸಂಗಮ್ಮ, ನಾನೇ ಮತ್ತೊಮ್ಮೆ ಹೇಳಬೇಕಾಯ್ತು" ಎಂದೆ. "ನಿಮ್ಮ ದನಿ ಟೀವಿಗೆ... ಕೂಡಲಿಲ್ಲ."

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ತಲೆಯಾಡಿಸಿ, "ಹೌದೇಳ್ರಿ, ನನಗ ಆವಾಗನ ಅನ್ನಿಸಿತ್ತು. ಅದಕ್ಕ ಕೇಳಿಸಲಿಲ್ಲ ನೀವು" ಎಂದಳು. ಡಬ್ಬಿಯನ್ನು ನನ್ನ ಹತ್ತಿರವೇ ಬಿಟ್ಟು ಹೋದಳು.

ಮುಂದಿನ ವರ್ಷ ಹೊಸಬನೊಬ್ಬ ನಿರ್ದೇಶಕ, ಕಲಬುರಗಿಯವನು, ಆ ಕಡೆಯ ಮಾತಿನಲ್ಲೇ ಒಂದು ಧಾರಾವಾಹಿ ಮಾಡಲು ಹೊರಟ. ಮುಖ್ಯ ಪಾತ್ರಕ್ಕೆ ಸಂಗಮ್ಮನೇ ಬೇಕೆಂದ, ಆಕೆಯದೇ ದನಿಯಲ್ಲಿ. ಆಕೆ ಕೈ ಮುಗಿದುಬಿಟ್ಟಳಂತೆ: "ಬ್ಯಾಡ್ರಿಯಪ್ಪಾ. ನನ್ನ ದನಿ ಕೂಡಂಗಿಲ್ಲ. ಬಾಯಾರ ಹೇಳ್ಯಾರ." ಬಾಯಾರು ಅಂದರೆ ನಾನು. ಆತ ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಪಾತ್ರ ಬೇರೆಯವರಿಗೆ ಹೋಯಿತು, ಅವರಿಗೆ ಹೆಸರೂ ಬಂತು. ಸಂಗಮ್ಮ ಸಣ್ಣ ಸಣ್ಣ ಪಾತ್ರಗಳಲ್ಲಿ ಕಾಣಿಸಿಕೊಂಡು, ಆಮೇಲೆ ಅದರಲ್ಲೂ ಕಾಣಿಸಿಕೊಳ್ಳಲಿಲ್ಲ.

ಪುರವಣಿ ನೋಡಿದ ಮೇಲೆ ಪ್ರಶಸ್ತಿ ಸಮಿತಿಗೆ ಎಲ್ಲವನ್ನೂ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. 'ವಿಳಾಸದಾರರು ಇಲ್ಲ' ಎಂದು ವಾಪಸು ಬಂತು. ಆ ಸಮಿತಿಯೇ ಈಗಿಲ್ಲವಂತೆ. ಆಗ ಲಿಂಗಂಪಲ್ಲಿಗೆ ಹೋದೆ. ಸರಸ್ವತಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಹಳೆಯ ಟೇಪಿನಿಂದ ಆ ಕಂತನ್ನು ಫೋನಿಗೆ ಹಾಕಿಸಿಕೊಂಡು. ಶೆಡ್ಡಿದ್ದ ಕಡೆ ಈಗ ಅಪಾರ್ಟ್‌ಮೆಂಟು. ಅಲ್ಲಿಲ್ಲಿ ಕೇಳಿ, ಹಿಂದಿನ ಗಲ್ಲಿಯ ಎರಡು ಕೋಣೆಯ ಮನೆಯಲ್ಲಿ ಆಕೆಯನ್ನು ಕಂಡೆ. ತಂಗಿಯ ಮೊಮ್ಮಕ್ಕಳ ತಲೆ ಬಾಚುತ್ತಿದ್ದಳು. ಬಾಗಿದ್ದಳು, ಬಣ್ಣ ಕಂದಿತ್ತು, ಕಿವಿ ಮಾತ್ರ ಚುರುಕು. ಬಾಗಿಲಲ್ಲಿ ನಾನು "ಸಂಗಮ್ಮಾ" ಎಂದೊಡನೆ, "ಬಾಯಾರ!" ಎಂದು ಎದ್ದಳು. ನನ್ನ ದನಿ ಹಿಡಿದೇ ನನ್ನನ್ನು ಗುರುತಿಸಿದಳು.

ನಾನು ಏನೂ ಹೇಳದೆ ಫೋನು ಕೈಗಿಟ್ಟು ಆ ಕಂತು ಹಾಕಿದೆ. ಮೊದಲು ಕೇಳಲಿ, ಆಮೇಲೆ ಕಾಲು ಹಿಡಿಯುವುದು ಅಂತ. ಸಂಗಮ್ಮ ಕಣ್ಣು ಕಿರಿದು ಮಾಡಿಕೊಂಡು ತನ್ನನ್ನೇ ನೋಡಿದಳು. ಅನ್ನ ಬಡಿಸಿದಳು, ಹೊರಗೆ ಬಂದಳು, ಕಂಬ ಹಿಡಿದಳು. "ಯವ್ವಾ." ಆಕೆಯ ಕಣ್ಣಲ್ಲಿ ನೀರು ತುಂಬಿತು.

"ಭಾಳ ಚಂದ ಹೇಳೀರಿ ಬಾಯಾರ," ಎಂದಳು. "ಆ 'ಯವ್ವಾ' ಅಂತೂ ಥೇಟ್ ನಮ್ಮ ಕಡೇವ್ರಂಗ. ಸುಮ್ಮ ಬರ್ತೈತೇನು ಪ್ರಶಸ್ತಿ!"

ಜೀವಮಾನದಲ್ಲಿ ತನ್ನ ದನಿಯನ್ನು ಹೊರಗಿನಿಂದ ಒಮ್ಮೆಯೂ ಕೇಳಿದವಳಲ್ಲ ಆಕೆ. ಕೇಳಿಸದೆ ಕಳಿಸಿದವಳು ನಾನು.

"ಸಂಗಮ್ಮ, ಇದು ನನ್ನ ದನಿ ಅಲ್ಲ, ನಿಮ್ಮದು. ನಾನು ಸುಳ್ಳು ಹೇಳಿದ್ದೆ" ಎಂದೆ. ಅಳುತ್ತಲೇ ಎಲ್ಲ ಹೇಳಿದೆ — ಹಾಳೆ, ಫೋನು, ಹೋಳಿಗೆ. ಆಕೆ ನನ್ನ ಬೆನ್ನು ಸವರುತ್ತ ಕೇಳಿಸಿಕೊಂಡಳು, ಜ್ವರ ಬಂದವರ ಬಡಬಡಿಕೆ ಕೇಳಿಸಿಕೊಳ್ಳುವಂತೆ. ಆಮೇಲೆ ನಕ್ಕಳು. "ಬಿಡ್ರಿ ಬಾಯಾರ. ಮುದುಕಿ ಅದಾಳ, ನಾಕು ದಿನ ಸಮಾಧಾನ ಇರಲಿ ಅಂತ ಬಂದೀರಿ. ನಿಮ್ಮ ಮನಸು ದೊಡ್ಡದು. ಆದ್ರ ನನ್ನ ದನಿ ನನಗ ಗೊತ್ತಿಲ್ಲೇನು? ಹಿಂಗೆಲ್ಲ ಎಲ್ಲಿ ಬರ್ತೈತಿ ಅದಕ್ಕ?"

ಆಣೆ ಮಾಡಿದೆ. ನಂಬಲಿಲ್ಲ. ಅಂದು ಸುಳ್ಳನ್ನು ಅಷ್ಟು ಸುಲಭವಾಗಿ ನಂಬಿದವಳು ಇಂದು ನಿಜವನ್ನು ನಂಬಲಿಲ್ಲ. ಚಹಾ ಕುಡಿಸಿದಳು, ಮೊಮ್ಮಕ್ಕಳಿಗೆ ನನ್ನನ್ನು ತೋರಿಸಿ, "ಇವರಽ ನೋಡ್ರಿ, ನನ್ನ ಬಾಯಾಗ ಮಾತಾಡ್ತಿದ್ದವ್ರು" ಎಂದಳು. ನಾನು ಸರಸ್ವತಿಯನ್ನು ಬಟ್ಟೆ ಸಮೇತ ಮೂಲೆಯ ಸ್ಟೂಲಿನ ಮೇಲಿಟ್ಟು, ಹೇಳದೇ ಎದ್ದು ಬಂದೆ.

ಗಲ್ಲಿಯ ತಿರುವಿನವರೆಗೂ ಬಂದಿರಲಿಲ್ಲ, ಹಿಂದಿನಿಂದ ಕೂಗು ಕೇಳಿಸಿತು. ಅದೇ ದನಿ. ಸಂಗಮ್ಮ ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತ ಬರುತ್ತಿದ್ದಳು, ಕಂಕುಳಲ್ಲಿ ಆ ಬಟ್ಟೆಯ ಗಂಟು. "ಮರತು ಹೊಂಟೀರಲ್ರಿ ಬಾಯಾರ! ನಿಮ್ಮ ಹೆಸರ ಬರದಾರ ಇದರಾಗ" ಎಂದು ಸರಸ್ವತಿಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು.

ನಾನು ಕೈಯೊಡ್ಡಿ ತೆಗೆದುಕೊಂಡೆ.