ನಿಂತ ಕಾರಿನ ತೆರಿಗೆ

ನಾನು ನಿಯತ್ತಿನಿಂದ ಮಾಡಿದ ಕೆಲಸಗಳು ಕಡಿಮೆ. ಅವುಗಳಲ್ಲಿ ಒಂದು, ಓಡದ ಕಾರಿಗೆ ರಸ್ತೆ ತೆರಿಗೆ ಕಟ್ಟಿದ್ದು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಬ್ಯಾಂಕು ನನಗೆ ಬಡ್ತಿ ಕೊಟ್ಟಿತು. ಅದರ ಸಂತೋಷ ನನಗೆ ಅತಿಯಾಗದಿರಲಿ ಎಂದು ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವನ್ನೂ ಮಾಡಿತು. ಹೊರಡುವ ದಿನ ಮಾವನವರು ತಮ್ಮ ಹಳೆಯ ಕಾರಿನ ಕೀಲಿಕೈಯನ್ನು ನನ್ನ ಹೆಂಡತಿಯ ಕೈಗಿಟ್ಟು, "ಯಾವಾಗ ಬೇಕಾದ್ರ ಆವಾಗ ಬರಬಹುದು ನೋಡವಾ, ರೈಲಿನ ಹಂಗಿಲ್ಲ" ಅಂದರು. ನನ್ನ ಕೈಗಿಡಲಿಲ್ಲ. ಕೀಲಿಕೈ ಮಗಳಿಗೆ, ತೆರಿಗೆ ಅಳಿಯನಿಗೆ ಎಂಬ ವ್ಯವಸ್ಥೆ ನನಗೆ ಆಮೇಲೆ ಅರ್ಥವಾಯಿತು.

ಕಾರಿನ ನೋಂದಣಿಯನ್ನು ಆಂಧ್ರಕ್ಕೆ ಬದಲಾಯಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಅಷ್ಟು ದಿನವೂ ಎರಡು ರಾಜ್ಯಗಳು ಅದನ್ನು ತಮ್ಮದೇ ಮಗುವೆಂದು ಪ್ರೀತಿಯಿಂದ ಎಳೆದಾಡಿದವು. ಕೊನೆಗೆ ವಿಶಾಖಪಟ್ಟಣ ಗೆದ್ದಿತು. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ನಾನು ತೆರಿಗೆ ಕಚೇರಿಯ ಸಾಲಿನಲ್ಲಿ ನಿಂತು, ಹಣ ಕಟ್ಟಿ, ದುಂಡನೆಯ ಕಾಗದದ ಟೋಕನ್ ತಂದು, ಕಾರಿನ ಮುಂದಿನ ಗಾಜಿಗೆ ಅಂಟಿಸತೊಡಗಿದೆ.

ನಮ್ಮ ಮನೆ ಎಂವಿಪಿ ಕಾಲೋನಿಯಲ್ಲಿತ್ತು. ಸಮುದ್ರದ ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿದವರು ಯಾರೋ ಕಾರಿಲ್ಲದವರೇ ಇರಬೇಕು. ಎರಡು ವರ್ಷದಲ್ಲಿ ಬಾಗಿಲುಗಳ ಅಂಚು ಹಪ್ಪಳದಂತೆ ಉದುರತೊಡಗಿತು. ಮೂರನೆಯ ವರ್ಷ ಮಾವನವರು ತೀರಿಕೊಂಡರು. ಗಾಬರಿಯಲ್ಲಿ ರೈಲು ಹತ್ತಿ ಹೋದೆವು. ತಿಂಗಳ ಮೇಲೆ ವಾಪಸು ಬಂದು ಕೀಲಿಕೈ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ.

ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿದ. ದೊಡ್ಡ ಡಾಕ್ಟರರ ಹಾಗೆ ನಿಧಾನವಾಗಿ ಕೈ ಒರೆಸಿಕೊಂಡ. ಆಮೇಲೆ, "ಇಂಜಿನ್ ಇಳಿಸಬೇಕು ಸಾರ್" ಅಂದ. ಇಳಿಸುವುದಕ್ಕೆ ಅವನು ಕೇಳಿದ ಹಣದಲ್ಲಿ ನಾನು ಹೊಸ ಸ್ಕೂಟರು ಕೊಳ್ಳಬಹುದಿತ್ತು. ಕೊಂಡೆ ಕೂಡ. ಕಾರು ಗೇಟಿನ ಪಕ್ಕದ ಬಾದಾಮಿ ಮರದ ಕೆಳಗೆ ನಿಂತಿತು.

"ಗುಜರಿಗೆ ಹಾಕೋಣ" ಎಂದು ಒಮ್ಮೆ ಹೇಳಿ ನೋಡಿದೆ.

"ಅದು ನಮ್ಮಪ್ಪಾರ ಗಾಡಿ" ಅಂದಳು ಹೆಂಡತಿ. ಅವಳು ಧ್ವನಿ ಏರಿಸಲಿಲ್ಲ. ನಾನು ಮತ್ತೆ ಆ ಮಾತೆತ್ತಲಿಲ್ಲ.

ತೆರಿಗೆಯ ತಿಂಗಳು ಬಂದಾಗ ಮಾತ್ರ ಅವಳಿಗೇ ಸಿಟ್ಟು ಬಂತು. "ಏನ್ರೀ, ರಸ್ತೇದ ಮ್ಯಾಲ ಓಡೂದಕ್ಕ ತೆರಿಗಿ. ನಿಂತ ಗಾಡಿಗೆ ಯಾತರದು? ಹೋಗಿ ಕೇಳ್ರಿ."

ಹೋಗಿ ಕೇಳಿದೆ. ಅಲ್ಲಿನ ಗುಮಾಸ್ತರು ಬಹಳ ಸಮಾಧಾನದ ಮನುಷ್ಯ. ಓಡದ ಗಾಡಿಗೆ ವಿನಾಯಿತಿ ಖಂಡಿತ ಉಂಟು, ಅರ್ಜಿ ಕೊಡಿ, ಇನ್‌ಸ್ಪೆಕ್ಟರು ಗಾಡಿಯನ್ನು ಕಣ್ಣಾರೆ ನೋಡಿ ಬರೆದುಕೊಟ್ಟರೆ ಸಾಕು ಅಂದರು. ಅರ್ಜಿ ಕೊಟ್ಟೆ. ಎರಡು ತಿಂಗಳಾದರೂ ಇನ್‌ಸ್ಪೆಕ್ಟರು ಬರಲಿಲ್ಲ. ಮತ್ತೆ ಹೋದೆ.

"ಹೇಗೆ ಬರ್ತಾರೆ ಸಾರ್? ನಮ್ಮ ಜೀಪು ರಿಪೇರಿಗೆ ಹೋಗಿದೆ" ಅಂದರು ಗುಮಾಸ್ತರು, ನನ್ನಿಂದ ಸಹಾನುಭೂತಿ ನಿರೀಕ್ಷಿಸುತ್ತ. "ನೀವೇ ಕಾರು ಇಲ್ಲಿಗೆ ತಂದುಬಿಡಿ."

"ಓಡದ ಕಾರನ್ನು ಹೇಗೆ ತರಲಿ?"

"ಅದು ನಿಜವೇ" ಎಂದು ಅವರು ಒಪ್ಪಿಕೊಂಡರು. "ಆದರೆ ನೋಡದೆ ಓಡುವುದಿಲ್ಲ ಅಂತ ಬರೆಯುವುದು ಹೇಗೆ?"

ಈ ತರ್ಕವನ್ನು ಹೊತ್ತುಕೊಂಡು ಮನೆಗೆ ಬಂದೆ. ಅದಕ್ಕೆ ಉತ್ತರ ಪಕ್ಕದ ಮನೆಯ ಹಿರಿಯರಲ್ಲಿ ಇತ್ತು. ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತರಾದವರು ಅವರು. ಭಾರವಾದ ಯಾವ ವಸ್ತುವನ್ನು ಕಂಡರೂ ಅದನ್ನು ಇನ್ನೊಂದು ಕಡೆಗೆ ಸಾಗಿಸಬೇಕೆಂಬ ಆಸೆ ಅವರಿಗೆ ಇನ್ನೂ ಹೋಗಿರಲಿಲ್ಲ. "ತಳ್ಳಿಕೊಂಡು ಹೋದರಾಯಿತು ಸಾರ್, ಎಷ್ಟು ದೂರ!" ಅಂದರು. ಇಬ್ಬರು ರಿಕ್ಷಾದವರನ್ನು ಕೂಲಿಗೆ ಕರೆತಂದರು. ಟಯರುಗಳಿಗೆ ಗಾಳಿ ಹಾಕಿಸಿದರು. ಟ್ರಾಫಿಕ್ಕಿನಲ್ಲಿ ಹಾರ್ನ್ ಇಲ್ಲದಿದ್ದರೆ ಯಾರೂ ಮರ್ಯಾದೆ ಕೊಡುವುದಿಲ್ಲವೆಂದು ತಮ್ಮ ಕಾರಿನ ಬ್ಯಾಟರಿಯನ್ನೇ ಬಿಚ್ಚಿ ನಮ್ಮದಕ್ಕೆ ಜೋಡಿಸಿದರು.

ನಾನು ಅರ್ಧ ದಿನ ರಜೆ ಹಾಕಿ, ಹಾರ್ನಿಗೆಂದು ಕೀಲಿಕೈ ತಿರುಗಿಸಿಟ್ಟು ಸ್ಟೇರಿಂಗ್ ಹಿಡಿದೆ. ಹೆಂಡತಿ ಫೈಲು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ತೋರಿಸಿದಲ್ಲೆಲ್ಲ ನಾನು ಸಹಿ ಹಾಕಿಬಿಡುತ್ತೇನೆಂದು ಅವಳಿಗೆ ಅನುಮಾನ. ಮೆರವಣಿಗೆ ಹೊರಟಿತು. ದಾರಿಯಲ್ಲಿ ಕಂಡವರೆಲ್ಲ ಸಲಹೆ ಕೊಟ್ಟರು, ಕೈ ಜೋಡಿಸಿದವರು ಯಾರೂ ಇಲ್ಲ. ಏರಿನಲ್ಲಿ ಹಿರಿಯರು "ಹೈಲೆಸ್ಸಾ" ಎಂದು ಬಂದರಿನ ಕೂಗು ಹಾಕಿದರು. ಹೆಂಡತಿ ನಾಚಿಕೆಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಏರು ಮುಗಿದು ಇಳಿಜಾರು ಸಿಕ್ಕಿತು. ಕಚೇರಿ ಅದರ ಬುಡದಲ್ಲೇ ಇತ್ತು. ಕಾರು ತಾನಾಗಿ ಉರುಳತೊಡಗಿದಾಗ ತಳ್ಳುವವರು ಸಂತೋಷದಿಂದ ಕೈಬಿಟ್ಟರು. ವೇಗ ಹೆಚ್ಚಿತು. ಬ್ರೇಕ್ ಒತ್ತಿದೆ, ಅದು ಒಂದು ವಿನಂತಿಯಂತೆ ಮೆಲ್ಲಗೆ ಒಳಗೆ ಹೋಯಿತು, ಅಷ್ಟೆ. ಗಾಬರಿಯಾಗಿ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಕಾರು ಒಮ್ಮೆ ಮುಗ್ಗರಿಸಿತು, ಒಂದು ಮೋಡದಷ್ಟು ಕಪ್ಪು ಹೊಗೆ ಬಿಟ್ಟಿತು. ಮರುಕ್ಷಣ ಇಂಜಿನ್ ಗುಡುಗತೊಡಗಿತು. ಹನ್ನೊಂದು ತಿಂಗಳು ತುಟಿ ಬಿಚ್ಚದ ಇಂಜಿನ್!

ಹಿಂದಿನಿಂದ ಹಿರಿಯರು ಎರಡೂ ಕೈ ಎತ್ತಿ ಓಡಿ ಬರುತ್ತ, "ಸ್ಟಾರ್ಟ್ ಅಯಿಪೋಯಿಂದಿ ಸಾರ್!" ಎಂದು ಊರಿಗೆಲ್ಲ ಸಾರುತ್ತಿದ್ದರು. ಕಾರು ಓಡುವುದಿಲ್ಲವೆಂದು ಸಾಬೀತು ಮಾಡಲು ಹೊರಟಿದ್ದ ನಾನು, ಅದನ್ನು ಓಡಿಸಿಕೊಂಡೇ ಕಚೇರಿಯ ಅಂಗಳ ಹೊಕ್ಕೆ. ಹೂವಿನ ಪಾತಿಯೊಂದು ಅಡ್ಡ ಬಂದು ನಮ್ಮನ್ನು ನಿಲ್ಲಿಸಿತು.

ಇನ್‌ಸ್ಪೆಕ್ಟರು ಟೀ ಲೋಟ ಹಿಡಿದು ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ನನ್ನ ಅರ್ಜಿ ಓದಿದರು. ಮತ್ತೆ ಇಂಜಿನ್ನಿನ ಕಡೆ ಕಿವಿ ಕೊಟ್ಟರು.

"ಇದೇನಾ ಓಡದ ಕಾರು?"

"ಇಲ್ಲಿಯವರೆಗೆ ಓಡುತ್ತಿರಲಿಲ್ಲ ಸಾರ್. ಈಗಷ್ಟೇ..."

"ನಮ್ಮ ಜೀಪಿಗಿಂತ ಬಾಗುಂದಿ" ಅಂದರು ಅವರು, ನಿಜವಾದ ಹೊಟ್ಟೆಕಿಚ್ಚಿನಿಂದ. ಅರ್ಜಿಯ ಮೇಲೆ 'ವಾಹನ ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದರು. ನಾನು ಆ ವರ್ಷದ ತೆರಿಗೆಯನ್ನೂ, ತಡ ಮಾಡಿದ್ದಕ್ಕೆ ದಂಡವನ್ನೂ ಕಟ್ಟಿದೆ. ಗುಮಾಸ್ತರು ಟೋಕನ್ ಕೊಡುತ್ತ ಮನಸಾರೆ ಅಭಿನಂದಿಸಿದರು.

ಹೊರಗೆ ಬಂದಾಗ ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಕಾರು ಇನ್ನೂ ಗುಡುಗುತ್ತಲೇ ಇತ್ತು. ಹಿರಿಯರು ಬಾನೆಟ್ ಎತ್ತಿ ಬ್ರೇಕಿಗೆ ಎಲ್ಲಿಂದಲೋ ಎಣ್ಣೆ ತಂದು ಸುರಿದು, ಪೆಡಲನ್ನು ಹತ್ತಾರು ಬಾರಿ ತುಳಿದು ಸರಿಮಾಡಿದ್ದರು. ಕೀಲಿಕೈಗೆ ಕೈ ಹಾಕಿದೆ.

"ಬಂದ್ ಮಾಡಬ್ಯಾಡ್ರಿ!" ಎಂದು ಹೆಂಡತಿ ಕೂಗಿದಳು. ತಿರುಗಿ ನೋಡಿದೆ. ಅವಳ ಕಣ್ಣು ತುಂಬಿತ್ತು. "ಅಪ್ಪಾರು ಮನೀಗೆ ಬಂದಾಗ ಓಣಿ ತಿರುವಿನ್ಯಾಗ ಹಿಂಗ ಸಪ್ಪಳ ಕೇಳತಿತ್ತು. ನಾವೆಲ್ಲಾ ಆಟ ಬಿಟ್ಟು ಓಡಿ ಬರತಿದ್ವಿ. ಒಂದೀಟು ಇರಲಿ."

ಸುಮ್ಮನೆ ಕೂತು ಕೇಳಿದೆವು. ಗುಮಾಸ್ತರು ಕಿಟಕಿಯಿಂದ ನೋಡುತ್ತಿದ್ದರು. ತೆರಿಗೆ ಕಟ್ಟಿದ ಮೇಲೂ ಹೊರಡದ ಜನರನ್ನು ಅವರು ಕಂಡಿರಲಿಕ್ಕಿಲ್ಲ.

"ಹೆಂಗೂ ರೊಕ್ಕ ಕಟ್ಟೀವಿ" ಅಂದಳು ಆಮೇಲೆ, ಮೂಗು ಒರೆಸಿಕೊಂಡು. "ಸಿಂಹಾಚಲಕ್ಕ ಹೊಡೀರಿ."

ಪೆಟ್ರೋಲ್ ಹಾಕಿಸಿಕೊಂಡು ಹಿರಿಯರನ್ನೂ ಇಬ್ಬರು ರಿಕ್ಷಾದವರನ್ನೂ ಹತ್ತಿಸಿಕೊಂಡು ಸಿಂಹಾಚಲಕ್ಕೆ ಹೋದೆವು. ಬೆಟ್ಟ ಹತ್ತಿಸುವ ಧೈರ್ಯವಾಗದೆ ಬುಡದಲ್ಲೇ ನಿಲ್ಲಿಸಿ ದೇವಸ್ಥಾನದ ಬಸ್ಸು ಹತ್ತಿದೆವು. ಬ್ಯಾಂಕಿನಲ್ಲಿ ಅರ್ಧ ದಿನದ ರಜೆ ಒಂದು ದಿನವಾಯಿತು.

ತೊಂಬತ್ತರ ನಡುವಿನಲ್ಲಿ ವಿಜಯವಾಡಕ್ಕೆ ವರ್ಗವಾದಾಗ ಕಾರೂ ಬಂತು. ಪಟಮಟದಲ್ಲಿ ಸಿಕ್ಕ ಮನೆಗೆ ಕಾರು ನಿಲ್ಲಿಸುವಷ್ಟು ಅಂಗಳವಿರಲಿಲ್ಲ. ಬೀದಿಯಲ್ಲಿ ನಿಲ್ಲಿಸಿದರೆ ಸಿಟಿ ಬಸ್ಸಿನವರು ದಿನಕ್ಕೊಂದು ಗೀರು ಕೊಟ್ಟು ಹೋಗುತ್ತಿದ್ದರು. ಒಂದು ದಿನ ಅವಳೇ, "ಮಾರೂಣ್ರಿ. ಓಡಿಸೋರ ಕೈಯಾಗ ಇರಲಿ" ಅಂದಳು. ಎದುರು ಮನೆಯ ಶಾಲಾ ಮಾಸ್ತರರು ಕೊಂಡರು. ಅವರ ತಾಯಿ ಬಳ್ಳಾರಿಯವರು. ಮಾಸ್ತರರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಆಡುವುದು ಮಾತ್ರ ನಮಸ್ಕಾರ, ಊಟ ಆಯಿತಾ ಎಂಬಲ್ಲಿಗೆ ಮುಗಿಯುತ್ತಿತ್ತು.

"ವರ್ಷಾ ವರ್ಷಾ ತೆರಿಗಿ ಕಟ್ಟಬೇಕ್ರಿ ಮತ್ತ" ಎಂದು ಹೆಂಡತಿ ಎಚ್ಚರಿಸಿದಳು.

"ಕಡತಾನಮ್ಮಾ, ತಪ್ಪಕುಂಡಾ" ಎಂದು ಅವರು ಎದೆಯ ಮೇಲೆ ಕೈಯಿಟ್ಟು, ತಪ್ಪದೆ ಕಟ್ಟುವುದಾಗಿ ಮಾತು ಕೊಟ್ಟರು. ನನಗೆ ಅಯ್ಯೋ ಅನ್ನಿಸಿತು.

ಹೆಸರು ಬದಲಾಯಿಸಲು ಮೂವರೂ ಅಲ್ಲಿನ ಕಚೇರಿಗೆ ಹೋದೆವು. ಅಲ್ಲಿ ಒಂದೇ ಗಂಟೆಯಲ್ಲಿ ಕೆಲಸ ಮುಗಿಯಿತು. ಏನೋ ತಪ್ಪಾಗಿರಬೇಕೆಂದು ನಾನು ಕಾಗದವನ್ನು ಮೂರು ಸಲ ಓದಿದೆ. ಮಾಸ್ತರರು ಮನೆಗೆ ಬಿಡುತ್ತೇನೆಂದು ಎಷ್ಟೋ ಕರೆದರು. ಹೆಂಡತಿ ಬೇಡವೆಂದಳು. ಅವರು ಕಾರು ಹೊರಡಿಸಿಕೊಂಡು ಹೋಗಿ ಮರೆಯಾಗುವವರೆಗೂ ನಿಂತು ನೋಡಿದಳು.

ಆಮೇಲೆ ಬಸ್ ಸ್ಟಾಪಿನಲ್ಲಿ, "ಹೊಟ್ಟಿ ಹಸದೈತಿ" ಅಂದಳು. ಹತ್ತಿರದ ಹೋಟೆಲಿಗೆ ಹೋದೆವು. ಅವಳು ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ತರಿಸಿ ಒಂದರ ಹಿಂದೊಂದು ಎರಡು ತಿಂದಳು. ಮೂರನೆಯದನ್ನು ನಮ್ಮಿಬ್ಬರ ನಡುವೆ ಇಟ್ಟು ಅರ್ಧ ಮಾಡಿದಳು.