ಬಿಚ್ಚದೆ ಬಿಟ್ಟ ಕಣ್ಣಿ

ಮಾದೇವೀ, ನಿನ್ನ ಅವ್ವನ ಎಮ್ಮೆಯ ಕಣ್ಣಿಯನ್ನು ನಾನು ಬಿಚ್ಚಲಿಲ್ಲ. ಬಿಚ್ಚಿದೆ ಎಂದು ಹೇಳಿದ್ದು ಸುಳ್ಳು. ಹೊಳೆ ಬಂದ ದಿನ ಹೇಳಿದ ಆ ಸುಳ್ಳಿನ ಮೇಲೆಯೇ ಇಷ್ಟು ವರ್ಷ ಊರಿನಲ್ಲಿ ತಲೆಯೆತ್ತಿ ಓಡಾಡಿದೆ — ನಿನ್ನ ಅವ್ವನ ಹೆಣದ ಮುಂದೆ ಕುಳಿತೂ ಅದನ್ನೇ ಹಾಡಿದೆ.

ಇದನ್ನು ನಿನಗೆ ಈಗಾಗಲೇ ಒಮ್ಮೆ ಹೇಳಿದ್ದೇನೆ, ನಿನ್ನ ಗಂಡನ ಊರು ಯಾವಗಲ್ಲಿನಲ್ಲಿ, ನಿನ್ನ ಹಿತ್ತಲಲ್ಲಿ. ಮತ್ತೆ ಹೇಳುತ್ತಿರುವುದು ಎಲ್ಲರೂ ಕೇಳಲಿ ಎಂದು. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಬರೆಯುತ್ತಿರುವವಳು ಮಗನ ಮಗಳು ಪವಿತ್ರಾ. ಅಕ್ಷರ ಆಕೆಯವು, ಮಾತು ನನ್ನವು. ಎಲ್ಲಿಯಾದರೂ ಮೆದುವಾಗಿ ಬರೆದಿದ್ದರೆ ಓದಿಸಿ ಕೇಳಿ ಹೊಡೆದುಹಾಕಿಸುತ್ತೇನೆ.

ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಬೇಕು, ನೀನು ತಾಳಿಕೋ. ಹೊಳೆಮಣ್ಣೂರಿನಲ್ಲಿ ನಾನು, ನಿನ್ನ ಅವ್ವ ಕಲ್ಲವ್ವ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಸಂಸಾರ ಮಾಡಿದವರು. ಆಕೆ ನನ್ನ ಮೈದುನನ ಹೆಂಡತಿ. ಮೈದುನ ಬೇಗ ತೀರಿಕೊಂಡ. ಕಲ್ಲವ್ವನಿಗೆ ಉಳಿದದ್ದು ಮಗಳು ನೀನು, ಮತ್ತೆ ಒಂದು ಎಮ್ಮೆ. ಆ ಎಮ್ಮೆಯ ಹಾಲನ್ನು ಡೇರಿಯಲ್ಲಿ ಹೊಗಳದವರಿಲ್ಲ. ನನ್ನ ಎಮ್ಮೆಯೂ ಅದೇ ಕಣಿಕೆ ತಿನ್ನುತ್ತಿತ್ತು, ಅದೇ ಮಲಪ್ರಭೆಯ ನೀರು ಕುಡಿಯುತ್ತಿತ್ತು. ಹಾಲು ಮಾತ್ರ ತೆಳ್ಳಗೆ. ಡೇರಿಯವನು ಒಂದು ದಿನ ಎಲ್ಲರ ಮುಂದೆ, "ದೊಡ್ಡಾಕಿ, ನಿಮ್ಮ ಎಮ್ಮೀನ ನಾಕ ದಿನ ಕಲ್ಲವ್ವನ ಎಮ್ಮೀ ಕಡೆ ಸಾಲಿಗಿ ಕಳಸ್ರಿ, ಕಲ್ತ ಬರ್ಲಿ" ಅಂದ. ಎಲ್ಲರೂ ನಕ್ಕರು. ಕಲ್ಲವ್ವನೂ ನಕ್ಕಳು. ನಾನೂ ನಕ್ಕೆ — ಆದರೆ ಆ ನಗು ನನ್ನೊಳಗೆ ಹೋಗಿ ಕುಳಿತುಬಿಟ್ಟಿತು, ಏಳಲಿಲ್ಲ.

ಹೊಳೆ ಬಂದ ದಿನ ನಿನಗೆ ಜ್ವರ. ಕಲ್ಲವ್ವ ಬೆಳಗ್ಗೆಯೇ ನಿನ್ನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ರೋಣದ ದವಾಖಾನೆಗೆ ಹೊರಟಳು. ಹೋಗುವಾಗ ನನ್ನ ಬಾಗಿಲಿಗೆ ಬಂದು ಹೇಳಿದಳು.

"ಅಕ್ಕಾ, ನೀರ ಏರಿದ್ರ ನಮ್ಮ ಎಮ್ಮೀದೊಂದ ಕಣ್ಣಿ ಬಿಚ್ಚಿ ಬಿಡು. ಅದಕ್ಕ ಈಸಾಕ ಬರ್ತೈತಿ, ತಾನ ದಂಡಿಗಿ ಹೋಗ್ತೈತಿ."

ಬಿಚ್ಚುತ್ತೇನೆ, ನೀನು ಹೋಗು ಅಂದೆ.

ಮಧ್ಯಾಹ್ನ ಓಣಿಗೆ ನೀರು ನುಗ್ಗಿತು. ನನ್ನ ಎಮ್ಮೆಯನ್ನು ಗೂಟದಿಂದ ಬಿಚ್ಚಿ ಹೊರಗೆ ತಂದಾಗ ನೀರು ಮೊಣಕಾಲಿನ ಮೇಲಕ್ಕಿತ್ತು. ಕಲ್ಲವ್ವನ ದನದ ಮನೆಯ ಬಾಗಿಲು ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಳಗೆ ಎಮ್ಮೆ ಒದರುತ್ತಿತ್ತು. ನಾನು ನಿಂತೆ — ನಿಂತದ್ದು ಚೆನ್ನಾಗಿ ನೆನಪಿದೆ. ಅಂಜಿಕೆ ಇತ್ತು. ಅಂಜಿಕೆಯೊಂದೇ ಆಗಿದ್ದರೆ ಅಂದೇ ಹೇಳಿಬಿಡುತ್ತಿದ್ದೆ, ಯಾರೂ ಬೈಯುತ್ತಿರಲಿಲ್ಲ. ಹೊಟ್ಟೆಕಿಚ್ಚೂ ಇತ್ತು. ಯಾವುದು ಎಷ್ಟಿತ್ತು ಎಂದು — ಬೇಡ, ಅದನ್ನು ಅಳೆಯಲು ಕುಳಿತರೆ ಅದೂ ಒಂದು ನೆಪವಾಗುತ್ತದೆ. ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ನನ್ನ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಸಾಲಿಯ ದಿಬ್ಬದ ಕಡೆ ನಡೆದೆ.

ಸಂಜೆ ನೀನು, ನಿನ್ನ ಅವ್ವ ದಿಬ್ಬಕ್ಕೆ ಬಂದಿರಿ. ಊರೆಲ್ಲ ಅಲ್ಲೇ ಇತ್ತು. ಕಲ್ಲವ್ವ ನನ್ನ ಎಮ್ಮೆಯನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಆಮೇಲೆ ನಡುವಿನ ತನಕ ತೊಯ್ದಿದ್ದ ನನ್ನ ಸೀರೆ ನೋಡಿದಳು. ನಾನು ಅಂದೆ, "ಬಿಚ್ಚಿದೆ ತಂಗೀ. ಹೊಳಿ ಎಳಕೊಂಡ ಹೋತು."

ಆಕೆ ಅಳಲಿಲ್ಲ. ನನ್ನ ತೊಯ್ದ ಸೆರಗು ಹಿಡಿದುಕೊಂಡು, ಎಲ್ಲರೂ ಕೇಳುವಂತೆ ಹೇಳಿದಳು.

"ಎಮ್ಮಿ ಹ್ವಾದ್ರ ಹೋಗ್ಲಿ ಅಕ್ಕಾ, ನೀ ಬಂದ್ಯಲ್ಲ."

ದನದ ಮನೆಯ ಗೋಡೆ, ಗೂಟ, ಕಣ್ಣಿ ಎಲ್ಲವನ್ನೂ ಹೊಳೆ ಒಯ್ದಿತ್ತು. ನನ್ನನ್ನು ಹಿಡಿದುಕೊಡಲು ಏನೂ ಉಳಿದಿರಲಿಲ್ಲ. ಆ ವರ್ಷವೇ ನೀನು ಹೈಸ್ಕೂಲು ಬಿಟ್ಟು ಉಳ್ಳಾಗಡ್ಡಿ ಕೀಳಲು ಕೂಲಿಗೆ ಹೋದೆ. ಮರುವರ್ಷ ಯಾವಗಲ್ಲಿಗೆ ಕೊಟ್ಟರು. ಎಮ್ಮೆ ಇದ್ದಿದ್ದರೆ ನೀನು ಓದುತ್ತಿದ್ದೆಯೋ ಏನೋ, ನಾನು ಹೇಳಲಾರೆ. ಎಮ್ಮೆ ಇರಲಿಲ್ಲ. ಅಷ್ಟು ಮಾತ್ರ ಗೊತ್ತು.

ನಿನ್ನ ಅವ್ವ ಆ ಕತೆಯನ್ನು ಬಿಡಲೇ ಇಲ್ಲ. ಮದುವೆಯಲ್ಲಿ, ಸಂತೆಯಲ್ಲಿ, ಬೀಗರ ಮುಂದೆ — ನಮ್ಮಕ್ಕ ಜೀವದ ಆಸೆ ಬಿಟ್ಟು ನೀರಿಗಿಳಿದಳು ಎಂದು ಹೇಳುತ್ತಲೇ ಬಂದಳು. ಆಕೆ ಒಮ್ಮೆಯಾದರೂ ಬೈದಿದ್ದರೆ ನಾನೂ ತಿರುಗಿ ಬೈದು, ಆ ಜಗಳದಲ್ಲಿ ಖರೇ ಮಾತು ಬಾಯಿಂದ ಬಿದ್ದುಹೋಗುತ್ತಿತ್ತೋ ಏನೋ. ಬೈಯಲಿಲ್ಲ.

ನನಗೊಂದು ಹೆಸರಿತ್ತು, ಅದೂ ನಿನಗೆ ಗೊತ್ತಿದೆ. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ನನ್ನಂಥವಳಿಲ್ಲ ಎಂದು ಸುತ್ತಲಿನ ಊರವರೆಲ್ಲ ಹೇಳುತ್ತಿದ್ದರು. ನಾವು ಗಜೇಂದ್ರಗಡಕ್ಕೆ ಬಂದು ನೆಲೆಸಿದ ಮೇಲೂ ಕರೆಯಲು ಬರುತ್ತಿದ್ದರು. ಪವಿತ್ರಾ ಹೊರಗೆ ಹೋಗಿ ಸಿನಿಮಾ ಕಲಿತು ಬಂದವಳು. ಮದುವೆಗಳ ವಿಡಿಯೋ ತೆಗೆದು ಹೊಟ್ಟೆ ಹೊರೆದುಕೊಂಡು, ಉಳಿದ ಹೊತ್ತಿನಲ್ಲಿ ತನ್ನದೊಂದು ಸಿನಿಮಾ ಮಾಡುತ್ತಿದ್ದಳು. ಅದು ನನ್ನ ಅಳುವ ಹಾಡುಗಳ ಮೇಲೆ. ಇದನ್ನು ಯಾರು ನೋಡುತ್ತಾರೆ ಎಂದು ನಾನು ನಗುತ್ತಿದ್ದೆ.

ಕಲ್ಲವ್ವ ಸತ್ತ ದಿನ ಪವಿತ್ರಾ ಕ್ಯಾಮೆರಾ ಹಿಡಿದುಕೊಂಡೇ ನನ್ನ ಜೊತೆ ಹೊಳೆಮಣ್ಣೂರಿಗೆ ಬಂದಳು. ಆದರೆ ಕಲ್ಲವ್ವನ ಮುಖ ಕಂಡದ್ದೇ ಅದನ್ನು ಚೀಲದಿಂದ ತೆಗೆಯಲಾರದೆ ಹೊರಗೆ ಕಟ್ಟೆಯ ಮೇಲೆ ಕುಳಿತಳು. ನಾನು ಹಾಡಿದೆ. ಬಂದ ಹೆಣ್ಣುಮಕ್ಕಳೆಲ್ಲ ಹಾಡಿನ ಒಂದು ಸಾಲಿಗಾಗಿ ಕಾಯುತ್ತಿದ್ದರು, ಕೊಟ್ಟೆ.

"ನಿನ್ನ ಎಮ್ಮೀ ಸಲುವಾಗಿ ಹೊಳಿಗಿಳದೆ ನನ ತಂಗೀ, ನಿನ ಸಲುವಾಗಿ ಎಲ್ಲಿಗಿಳೀಲೇ..."

ಎಲ್ಲರೂ ಗೊಳೋ ಎಂದು ಅತ್ತರು. ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ದಿನಕರ್ಮ ಮುಗಿದ ಮೇಲೆ ಪವಿತ್ರಾ ನನ್ನ ಹತ್ತಿರ ಬಂದು ಉಗುರು ಕಚ್ಚುತ್ತ ನಿಂತಳು. ಕ್ಯಾಮೆರಾದ ಮುಂದೆ ಇನ್ನೊಮ್ಮೆ ಅಳಬಹುದೇ ಎಂದಳು. ಸೊಸೆ ಕೇಳಿ ಸಿಡಿದೆದ್ದಳು — ಸಾವಿಲ್ಲದ ಮನೆಯಲ್ಲಿ ಹಾಡಿ ಅತ್ತರೆ ಸಾವನ್ನು ಕರೆದ ಹಾಗೆ. ಕರೆದರೆ ನನಗಾಗಿಯೇ ತಾನೇ ಅದು ಬರುವುದು, ಬರಲಿ ಬಿಡು ಅಂದೆ. ಅಟ್ಟದ ಮೇಲೆ ಒಂದು ಕೌದಿ ಮಡಚಿ ಉದ್ದಕ್ಕೆ ಹಾಸಿ, ಅದೇ ಕಲ್ಲವ್ವ ಎಂದುಕೊಂಡು ಕುಳಿತೆ. ಅದೇ ಸಾಲು ಹಾಡಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ಗೂಟ ಹಂಗ ಇತ್ತ ನನ ತಂಗೀ, ಕಣ್ಣಿ ಹಂಗ ಇತ್ತ, ಕೈ ಇದ್ದೂ ನಾ ಬಿಚ್ಚಲಿಲ್ಲೇ..."

ಯಾಕೆ ಬಂತು — ಕೇಳುವ ಹೆಣ್ಣುಮಕ್ಕಳು ಅಲ್ಲಿ ಇರಲಿಲ್ಲ ಎಂದೋ, ಕೌದಿಗೆ ಮುಖವಿಲ್ಲ ಎಂದೋ. ಪವಿತ್ರಾ ಏನೂ ಅನುಮಾನಪಡಲಿಲ್ಲ. ಹಾಡಿ ಅಳುವಾಗ ಎಲ್ಲರೂ ತಮ್ಮನ್ನು ತಾವು ಪಾಪಿ ಎಂದು ಬೈದುಕೊಳ್ಳುತ್ತಾರೆ. ಇದೂ ಹಾಗೆಯೇ ಎಂದುಕೊಂಡಳು. ನಾನೂ ಹಾಗೆಯೇ ಇರಲಿ ಎಂದು ಸುಮ್ಮನಾದೆ.

ಆ ಸಿನಿಮಾವನ್ನು ದೂರದ ಒಂದು ಗುಡ್ಡದ ಊರಿನಿಂದ ಕರೆದರು, ತೋರಿಸಿ ಎಂದು. ಪವಿತ್ರಾ ನನ್ನನ್ನೂ ಕರೆದುಕೊಂಡು ಹೋದಳು. ಎರಡು ರೈಲು, ಒಂದು ಬಸ್ಸು. ನರಗುಂದದ ಗುಡ್ಡವನ್ನು ಗುಡ್ಡ ಎಂದುಕೊಂಡಿದ್ದವಳು ನಾನು. ಅಲ್ಲಿ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿ ಕಣ್ಣು ಮುಚ್ಚಿದವಳು ಊರು ಬಂದಾಗಲೇ ತೆರೆದೆ. ಚಳಿ ಹಲ್ಲಿಗೆ ಹತ್ತುತ್ತಿತ್ತು. ಸಿನಿಮಾ ಹಬ್ಬ ಎಂದರೆ ದೊಡ್ಡ ಥೇಟರು ಇರುತ್ತದೆ ಎಂದುಕೊಂಡಿದ್ದೆ. ಒಂದು ಸಾಲಿಯ ಹಾಲ್, ಪ್ಲಾಸ್ಟಿಕ್ ಕುರ್ಚಿ, ಕಿಟಕಿಗೆ ಕರಿ ಬಟ್ಟೆ. ಪವಿತ್ರಾ ತನ್ನ ಪೋಸ್ಟರನ್ನು ತಾನೇ ಅಂಟು ಹಚ್ಚಿ ಚಹಾದಂಗಡಿಯ ಗೋಡೆಗೆ ಅಂಟಿಸಿ ಬಂದಳು; ನಾನು ಅಂಟಿನ ಡಬ್ಬಿ ಹಿಡಿದಿದ್ದೆ. ಬಂದವರಲ್ಲಿ ಬಹಳ ಮಂದಿ ತಮ್ಮ ತಮ್ಮ ಸಿನಿಮಾ ತೋರಿಸಲು ಬಂದವರೇ. ತಮ್ಮದು ಮುಗಿದದ್ದೇ ಬಿಸಿಲು ಕಾಯಲು ಹೊರಗೆ ಹೋಗುತ್ತಿದ್ದರು. ಪೂರ್ತಿ ಕುಳಿತು ನೋಡಿದವರು ಆ ಊರಿನ ನಾಲ್ಕಾರು ಹೆಂಗಸರು, ಉಣ್ಣೆ ಹೆಣೆಯುತ್ತ.

ನಮ್ಮದು ಶುರುವಾಯಿತು. ನಡುವೆ ಕರೆಂಟು ಹೋಗಿ, ಮತ್ತೆ ಬಂತು. ಗೋಡೆಯ ಮೇಲೆ ನನ್ನ ಮುಖ ಬಾಗಿಲಿನಷ್ಟು ದೊಡ್ಡದಾಗಿತ್ತು. ಆ ಮುಖ ಬಿಚ್ಚಲಿಲ್ಲೇ, ಬಿಚ್ಚಲಿಲ್ಲೇ ಎನ್ನುತ್ತಿತ್ತು. ಕೆಳಗೆ ಇಂಗ್ಲೀಷಿನ ಅಕ್ಷರ ಓಡುತ್ತಿದ್ದವು. ಅಲ್ಲಿಯ ಒಂದು ಹುಳುವಿಗೂ ನಮ್ಮ ಮಾತು ಬಾರದು. ಆದರೂ ಎದ್ದು ಓಡಬೇಕೆನಿಸಿತು. ಓಡಲಿಲ್ಲ. ಒಮ್ಮೆ ಓಡಿದ್ದು ಸಾಕಾಗಿತ್ತು.

ಮುಗಿದ ಮೇಲೆ ಪವಿತ್ರಾಳನ್ನು ಮುಂದೆ ನಿಲ್ಲಿಸಿ ಮೈಕು ಕೊಟ್ಟರು. ಗಡ್ಡದವನೊಬ್ಬ ಎದ್ದು ಏನೋ ಕೇಳಿದ, ದನಿ ಖಾರವಾಗಿತ್ತು. ಹುಡುಗಿ ಮೈಕು ಕೆಳಗಿಳಿಸಿ ನನ್ನ ಕಡೆ ನೋಡಿದಳು. ಎರಡು ವರ್ಷ ಮೈ ಮುರಿದು ಮಾಡಿದ್ದು ಅಲ್ಲೇ ನೆಲಕ್ಕೆ ಬೀಳುತ್ತಿದೆ ಎಂದು ನನಗೆ ಮಾತು ತಿಳಿಯದೆಯೂ ತಿಳಿಯಿತು. ಏನಂತೆ ಆತನದು ಎಂದು ಕುಳಿತಲ್ಲಿಂದಲೇ ಕೇಳಿದೆ. ಹೆಣವೇ ಇಲ್ಲದೆ ಈ ಮುದುಕಿಯನ್ನು ಕ್ಯಾಮೆರಾಕ್ಕಾಗಿ ಅಳಿಸಿದ್ದೀಯಲ್ಲ, ಇದು ನಾಟಕವಲ್ಲವೇ, ನಮಗೆ ಮೋಸ ಮಾಡಿದೆಯಲ್ಲ — ಅದು ಆತನ ಪ್ರಶ್ನೆ ಎಂದು ಪವಿತ್ರಾ ತಿಳಿಸಿದಳು.

ನಾನು ಮುಂದೆ ಹೋಗಿ ಮೈಕು ಕಸಿದುಕೊಂಡೆ.

"ಹೆಣದ ಮುಂದ ಕುಂತ ಅತ್ತಾಗ ಸುಳ್ಳ ಹೇಳೀನಿ. ಈಕಿ ಕ್ಯಾಮೆರಾದ ಮುಂದ ಅತ್ತಾಗ ಖರೇ ಹೇಳೀನಿ. ಆ ಎಮ್ಮೀ ಕಣ್ಣಿ ನಾ ಬಿಚ್ಚಿಲ್ಲ. ಈಗ ಯಾವ್ದ ನಾಟಕ, ನೀವ ಹೇಳ್ರಿ."

ಪವಿತ್ರಾ ಅದನ್ನು ಅವರ ಮಾತಿನಲ್ಲಿ ಹೇಳಲು ಶುರುಮಾಡಿದವಳು ಅರ್ಧಕ್ಕೇ ನಿಂತು ನನ್ನ ಕಡೆ ತಿರುಗಿದಳು. "ಆಯೀ, ಖರೇನ ಬಿಚ್ಚಲಿಲ್ಲೇನ?"

"ಮೊದಲ ಅಂವಗ ಹೇಳು. ಆಮ್ಯಾಲ ನಿನಗ ಹೇಳ್ತೀನಿ."

ಹೇಳಿದಳು. ಗಡ್ಡದವನು ಕುಳಿತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಣೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಹಿಂದಿಯಲ್ಲಿ ಏನೋ ಕೇಳಿದಳು. ಪವಿತ್ರಾ ನನ್ನ ಕಿವಿಗೆ ಬಾಗಿ ಹೇಳಿದಳು — ಆ ಎಮ್ಮೆ ಗಬ್ಬವಿತ್ತೇ ಎಂದು ಕೇಳುತ್ತಿದ್ದಾಳೆ.

ಇತ್ತು ಅಂದೆ.

ಆಕೆ ತಲೆ ತಗ್ಗಿಸಿ ಮತ್ತೆ ಹೆಣೆಯತೊಡಗಿದಳು. ಅಷ್ಟು ದೂರ ಹೋಗಿ ನನಗೆ ಸಿಕ್ಕ ತೀರ್ಪು ಅದು. ಬಹುಮಾನ ಬೇರೆ ಯಾರಿಗೋ ಹೋಯಿತು.

ತಿರುಗಿ ಬರುವಾಗ ರೈಲಿನಲ್ಲಿ ಪವಿತ್ರಾಳಿಗೆ ಎಲ್ಲ ಹೇಳಿದೆ. ಆಮೇಲೆ, ಆ ತುಂಡನ್ನು ತೆಗೆದುಹಾಕುತ್ತೇನೆ ಆಯೀ, ಊರಿನಲ್ಲಿ ತೋರಿಸುವುದೇ ಬೇಡ ಎಂದಳು. ಮನೆಯಲ್ಲಿ ಮಗನೂ ಅದನ್ನೇ ಹೇಳಿದ — ಈ ವಯಸ್ಸಿನಲ್ಲಿ ಮಾನ ಕಳೆದುಕೊಳ್ಳಬೇಡ, ಕಲ್ಲವ್ವ ಚಿಗವ್ವ ಹೋಗಿಬಿಟ್ಟಳು, ಯಾರು ಕೇಳುತ್ತಾರೆ. ಆ ಮಾನ ನನ್ನದಲ್ಲ, ಕಲ್ಲವ್ವ ಕೊಟ್ಟದ್ದು. ತಪ್ಪು ತಿಳಿದು ಕೊಟ್ಟದ್ದು. ಮಗನಿಗೆ ಹಾಗೇ ಅಂದೆ. ಮರುದಿನ ಯಾವಗಲ್ಲಿನ ಬಸ್ಸು ಹತ್ತಿದೆ.

ನೀನು ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನೀನು ಕೈಯಲ್ಲಿದ್ದ ಕಣಿಕೆ ಕೆಳಗಿಡಲಿಲ್ಲ. ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ. ಕೊನೆಗೆ ನೀನು ಒಂದು ಮಾತು ಆಡಿದೆ.

"ದೊಡ್ಡವ್ವಾ, ನಮ್ಮವ್ವ ಊರ ಮುಂದ ನಿನ್ನ ಹೊಗಳಿದ್ಲು. ನೀ ಬಂದು ಹಿತ್ತಲದಾಗ ನನ್ನ ಕಿವ್ಯಾಗ ಹೇಳ್ತಿ."

ಆಮೇಲೆ, ಬಸ್ಸಿಗೆ ಹೊತ್ತಾಯಿತು ಎಂದು ನೀನೇ ಹೇಳಿದೆ. ನಾನು ಬಂದೆ.

ನೀನು ಹೇಳಿದ್ದು ಸರಿ. ಅದಕ್ಕೇ ಇದು ಅಚ್ಚಾಗಲಿ. ಸಿನಿಮಾವನ್ನು ಹೊಳೆಮಣ್ಣೂರಿನಲ್ಲೇ, ಆ ಸಾಲಿಯ ದಿಬ್ಬದ ಮೇಲೆಯೇ ತೋರಿಸುತ್ತೇವೆ, ಒಂದು ತುಂಡನ್ನೂ ತೆಗೆಯದೆ. ನಾನು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ. ಉಗುಳುವವರು ಉಗುಳಲಿ, ನಗುವವರು ನಗಲಿ. ಸೆರಗು ಮುಖದ ಮೇಲೆ ಎಳೆದುಕೊಳ್ಳುವುದಿಲ್ಲ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ನೀನು ಕೊಡಲೇಬೇಕಾಗುತ್ತದೆ, ಕಲ್ಲವ್ವನ ಮಗಳು ನೀನು. ಆ ಕಷ್ಟ ನಿನಗೆ ಬೇಡ.

ಒಂದು ಕೆಲಸ ಮಾತ್ರ ಇದೆ. ನಾನು ಸತ್ತ ದಿನ ನಿನಗೂ ಹೇಳಿ ಕಳಿಸುತ್ತಾರೆ. ಬರುವುದು ಬಿಡುವುದು ನಿನ್ನ ಮನಸ್ಸು. ಬಂದರೆ, ಹೆಣ್ಣುಮಕ್ಕಳು ನಿನ್ನನ್ನೇ ಮುಂದೆ ಕೂರಿಸುತ್ತಾರೆ, ಎಮ್ಮೆಯ ಸಾಲು ಹಾಡು ಎನ್ನುತ್ತಾರೆ. ಹಾಡು. ಆದರೆ ನಿನ್ನ ಅವ್ವ ಹೇಳುತ್ತಿದ್ದುದನ್ನಲ್ಲ. ಕೈ ಇದ್ದೂ ಬಿಚ್ಚಲಿಲ್ಲ ಈಕಿ, ಎಂದು ಹಾಡು. ದನಿ ಏರಿಸಿ ಹಾಡು. ಹೊರಗಿನ ಕಟ್ಟೆಯ ಮೇಲೆ ಕುಳಿತ ಗಂಡಸರಿಗೂ ಕೇಳಬೇಕು.