ಕಟಕಟ ಅನ್ನುತ್ತಿದ್ದ ಚೈನು

ಕುರಿಗಳಿಗೆ ಲಸಿಕೆ ಹಾಕುವ ಕೆಲಸ ನನ್ನದು. ಒಂದು ದಿನ ಐಸ್ ಪೆಟ್ಟಿಗೆ ಕಟ್ಟಿಕೊಂಡು ಬೈಕಿನಲ್ಲಿ ಚಳ್ಳಕೆರೆಯಿಂದ ದೇವಸಮುದ್ರಕ್ಕೆ ಹೊರಟಿದ್ದೆ. ವಾರದಿಂದ ಚೈನು ಕಟಕಟ ಅನ್ನುತ್ತಿತ್ತು. ಎಣ್ಣೆ ಬಿಟ್ಟು ಸುಮ್ಮನಾಗಿದ್ದೆ. ದಾರಿಯಲ್ಲಿ ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಕೋಲು ಅಡ್ಡ ಹಿಡಿದ.

“ಗಾಡಿ ಕುಂಟ್ತೈತೆ, ಇಳೀರಿ ಸಾರ್.”

“ಐಸ್ ಕರಗ್ತೈತೆ ಅಜ್ಜ, ಬಿಡು.”

“ನೀವು ಬಿದ್ರೆ ಕುರಿಗೆ ಸೂಜಿ ಹಾಕೋರ್ಯಾರು?”

ಗೊಣಗುತ್ತಲೇ ಇಳಿದೆ. ಚೈನು ಕೂರುವ ಹಲ್ಲುಚಕ್ರ, ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಚೂಪಾಗಿದ್ದವು. ಚೈನಿನ ಒಂದು ಕೊಂಡಿ ಅರ್ಧ ಸೀಳಿಹೋಗಿತ್ತು. ಮುಂದೆಯೇ ಇಳಿಜಾರು, ಎದುರಿಗೆ ಲಾರಿಗಳು. ಅಲ್ಲಿ ಚೈನು ತುಂಡಾಗಿ ಗಾಲಿಗೆ ಸುತ್ತಿಕೊಂಡಿದ್ದರೆ?

ಬೈಕನ್ನು ಅಜ್ಜನ ಹಟ್ಟಿಗೆ ತಳ್ಳಿದೆವು. ಬಂದ ಬಸ್ಸಿಗೆ ಅವನೇ ಕೈ ಅಡ್ಡ ಹಾಕಿ ಪೆಟ್ಟಿಗೆ ಹತ್ತಿಸಿದ. ಲಸಿಕೆ ಕೆಡದೆ ತಲುಪಿತು, ನಾನೂ ಮೈಕೈ ಮುರಿಯದೆ ತಲುಪಿದೆ.

ಎರಡು ದಿನ ಬಿಟ್ಟು ಹೊಸ ಚೈನು, ಸ್ಪ್ರಾಕೆಟ್ಟು ತಂದಾಗ, ಅಜ್ಜ ಬೈಕನ್ನು ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ್ದ.